ಬಗ್ಗಿದವರು

ಬಸ್ಸಿನ ಸದ್ದು ಕೇಳಿದಾಗಲೆಲ್ಲ ಬೀದಿ ಗುಡಿಸುವ ಹುಲಿಗೆಮ್ಮ ನೆಟ್ಟಗೆ ನಿಲ್ಲುತ್ತಾಳೆ. ಚಾಲಕರಿಲ್ಲದ ಬಸ್ಸುಗಳ ಕಣ್ಣಿಗೆ ಬಗ್ಗಿದವರು ಮನುಷ್ಯರಲ್ಲ, ಕಸದ ಗುಡ್ಡೆ. ಹೋದ ವಾರ ಅವಳ ತಂಗಿ ನೆಟ್ಟಗಾಗುವುದು ಒಂದು ಗಳಿಗೆ ತಡವಾಯಿತು. ಮಣ್ಣು ಮಾಡಿ ಮೂರು ದಿನವಾಗಿದೆ.

ಆ ಕಣ್ಣಿನ ಚಿಪ್ ವಿನ್ಯಾಸ ಮಾಡಿದ ಮೇದಿನಿ ಇಂದು ಪರಿಶೀಲನೆಗೆ ಬಂದಿದ್ದಳು.

“ನಲವತ್ತು ಸಾವಿರ ಜನರ ಚಿತ್ರ ತೋರಿಸಿ ಪರೀಕ್ಷೆ ಮಾಡಿದ್ದೀವಮ್ಮಾ.”

“ಅದ್ರಾಗ ಬಗ್ಗಿದವ್ರು ಎಷ್ಟು ಮಂದಿ?”

ಮೇದಿನಿ ತಲೆ ತಗ್ಗಿಸಿದಳು. “ಅಂಥ ಚಿತ್ರಗಳನ್ನ ತೆಗೆದುಬಿಟ್ವಿ. ಚಿಪ್ ನಿಧಾನ ಆಗ್ತಿತ್ತು.”

ಹುಲಿಗೆಮ್ಮನ ಮೈ ಉರಿಯಿತು. ಮೋಟು ಕಸಬರಿಗೆಯನ್ನು ಅವಳ ಕೈಗೆ ತುರುಕಿದಳು.

“ಹಂಗಾರ ಒಮ್ಮೆ ಬಗ್ಗಿ ಗುಡಸ್ರಿ, ನೋಡೂಣು. ಬಸ್ ಬರಾಕತ್ತೈತಿ.”

ಮೇದಿನಿಯ ಬೆನ್ನು ತಾನಾಗಿಯೇ ನೆಟ್ಟಗಾಯಿತು.