ಕಮಲಾಕ್ಷಮ್ಮನ ತೋಳು

ತಿಪಟೂರಿನಲ್ಲಿ ಮದುವೆಗೆ ಹೋಗುವವರು ಒಡವೆ ಹಾಕಿಕೊಳ್ಳುವ ಹಾಗೆ ಪ್ರಾಯವನ್ನೂ ಹಾಕಿಕೊಂಡು ಹೋಗುತ್ತಾರೆ. ಕಮಲಾಕ್ಷಮ್ಮನೂ ತಂಗಿಯ ಮಗಳ ಮದುವೆಗೆಂದು, ಬಸ್‌ ಸ್ಟ್ಯಾಂಡ್ ಹತ್ತಿರದ ಪ್ರಾಯದಂಗಡಿಯಲ್ಲಿ ತಮ್ಮ ಅರವತ್ತೈದರ ಮೈ ಬಿಟ್ಟು, ವಾರದ ಮಟ್ಟಿಗೆ ಇಪ್ಪತ್ತೈದರ ಮೈ ತಂದಿದ್ದರು. ಮದುವೆಯ ಮರುದಿನವೇ ಅದನ್ನು ಹಿಂತಿರುಗಿಸಲು ಬಂದು ನಿಂತರು.

"ಯಾಕಮ್ಮಾ, ಎಲ್ಲಾದ್ರೂ ಬಿಗಿ ಆಯ್ತಾ?" ಅಂಗಡಿಯ ಹುಡುಗಿ ಕೇಳಿದಳು.

"ಚೆನ್ನಾಗೇ ಇದೆ ಕಣಮ್ಮ. ವಾಲಗಕ್ಕೆ ಕುಣಿದೆ, ಹೋಳಿಗೆ ಮತ್ತೆ ಮತ್ತೆ ಹಾಕಿಸ್ಕೊಂಡೆ. ಆದ್ರೆ ನನ್ನ ಮೊಮ್ಮಗಳು ನಿದ್ದೇನೇ ಮಾಡ್ತಿಲ್ಲ."

"ಗುರುತು ಸಿಗ್ಲಿಲ್ವಾ?"

"ಗುರುತೆಲ್ಲ ಸಿಕ್ತು. ಅವಳು ನನ್ನ ತೋಳಿನ ಜೋಲು ಚರ್ಮ ಹಿಡ್ಕೊಂಡೇ ಮಲಗೋದು. ಈ ತೋಳಲ್ಲಿ ಹಿಡ್ಕೊಳ್ಳೋಕೆ ಏನಿದೆ ಹೇಳು?"

ಹುಡುಗಿ ನಗುತ್ತಾ ಒಳಗಿನಿಂದ ಹಳೆಯ ಮೈ ತಂದಳು. "ಮಂಡಿನೋವೂ ಜೊತೆಗೇ ಬರುತ್ತೆ ಅಮ್ಮಾ. ಅದೊಂದನ್ನ ಬಿಟ್ಟು ಕೊಡೋಕಾಗಲ್ಲ."

"ಬರ್ಲಿ ಬಿಡು, ಅದೂ ನಂದೇ ತಾನೇ."

ಆ ಮಧ್ಯಾಹ್ನ ಚಾಪೆಯ ಮೇಲೆ ಮೊಮ್ಮಗಳು ಇಂಚರ ಕಣ್ಣು ಮುಚ್ಚಿಕೊಂಡೇ ಪಕ್ಕದ ತೋಳನ್ನು ತಡಕಿದಳು. ಮೆತ್ತನೆಯ ಜೋಲು ಚರ್ಮ ಕೈತುಂಬ ಸಿಕ್ಕಿತು.

"ಅಜ್ಜೀ, ಇಷ್ಟೊತ್ತೂ ಎಲ್ಲಿಗೆ ಹೋಗಿದ್ದೆ?" ಎಂದವಳು, ಉತ್ತರಕ್ಕೂ ಕಾಯದೆ ನಿದ್ದೆಹೋದಳು.