ಜೋಮು ಬಿಡದ ಕೈ

ಬೆಳಿಗ್ಗೆ ಗಾರ್ಮೆಂಟ್ಸ್ ಗೇಟಿನ ಯಂತ್ರದಲ್ಲಿ ಕೈಕಾಲಿಗೆ ಜೋಮು ಹಿಡಿಸಿಕೊಳ್ಳುವುದು, ಸಂಜೆ ಬಿಡಿಸಿಕೊಂಡು ಮನೆಗೆ ಹೋಗುವುದು. ಸೂಜಿ ಚುಚ್ಚಿದರೂ ಹೊಲಿಗೆ ನಿಲ್ಲಬಾರದಲ್ಲ! ಚಿಕ್ಕತಾಯಮ್ಮನಿಗೆ ಇದು ಆರು ವರ್ಷದ ಅಭ್ಯಾಸ. ಮೊನ್ನೆ ಸಂಜೆ ಮಾತ್ರ ಕಾಲಿನ ಜೋಮು ಬಿಟ್ಟಿತು, ಕೈಯದ್ದು ಬಿಡಲೇ ಇಲ್ಲ. ನಿನ್ನೆ ಮಗಳ ಹಣೆ ಮುಟ್ಟಿ, "ಜ್ವರಾನೂ ಇಲ್ಲ, ಏನೂ ಇಲ್ಲ, ನಾಟಕ ಆಡ್ಬೇಡ" ಎಂದು ಗದರಿ ಸ್ಕೂಲಿಗೆ ಅಟ್ಟಿದಳು. ಸುಡುವ ಜ್ವರದಲ್ಲಿ ಮಗು ಪ್ರಾರ್ಥನೆಯ ಸಾಲಿನಲ್ಲೇ ಕುಸಿದು ಬಿತ್ತು.

ಇವತ್ತು ಕಂಪನಿಯ ಡಾಕ್ಟರು ಅವಳ ಬೆರಳಿಗೆ ಪಿನ್ನು ಚುಚ್ಚಿ ನೋಡಿದರು.

"ಶುಗರ್ ಇರಬಹುದಮ್ಮ. ಬಿ ಟ್ವೆಲ್ವ್ ಕಮ್ಮಿ ಇರಬಹುದು. ಥೈರಾಯ್ಡ್ ಇರಬಹುದು. ಇಲ್ಲಾಂದ್ರೆ ಕತ್ತಿನ ಹತ್ರ ನರ ಒತ್ತಿರಬಹುದು."

"ಗೇಟು?"

"ಅದು ನಮ್ಮ ಪಟ್ಟಿಯಲ್ಲಿಲ್ಲ."

"ನೀವು ಯಾವ ಗೇಟಲ್ಲಿ ಬರ್ತೀರಾ ಸಾರ್?"

"ನಮಗೆ ಬೇರೆ ಗೇಟಿದೆ."

ಚಿಕ್ಕತಾಯಮ್ಮ ಎದ್ದು ಅವರ ಮಣಿಕಟ್ಟು ಹಿಡಿದಳು. "ಬನ್ನಿ, ಇವತ್ತು ನಮ್ಮ ಗೇಟಲ್ಲಿ ಕೈ ಇಡಿ" ಎನ್ನುತ್ತಾ ಬಾಗಿಲವರೆಗೂ ಎಳೆದಳು.

"ಬಿಡಮ್ಮ!" ಡಾಕ್ಟರು ಚೀರಿದರು. "ಮೂಳೆ ಮುರಿಯೋ ಹಂಗೆ ಹಿಡಿದಿದೀಯಲ್ಲ!"

"ಹಂಗಾ ಸಾರ್?" ಎಂದಳು ಅವಳು. "ನಂಗೆ ಗೊತ್ತೇ ಆಗ್ತಿಲ್ಲ."