ಅಟ್ಟದ ಮೇಲಿನ ಬಾವಲಿ

ಹಳೆ ಕೊಬ್ಬರಿಯ ಮೂಟೆ ಬಿಚ್ಚಿದಾಗ ಈಗಲೂ ನನಗೆ ಅದರೊಳಗಿಂದ ಬಾಡಿದ ಮಲ್ಲಿಗೆಯ ವಾಸನೆ ಬರುತ್ತದೆ.

ಆ ಬೇಸಿಗೆ, ಹೆರಿಗೆಗೆಂದು ಆಸ್ಪತ್ರೆಗೆ ಹೋಗಿದ್ದ ನನ್ನ ಅತ್ತೆ ಕೈಯಲ್ಲಿ ಮಗುವಿಲ್ಲದೆ ಮನೆಗೆ ಬಂದಿದ್ದಳು. ಅಜ್ಜಿ ದಿನಾ ಮೊಳಗಟ್ಟಲೆ ಮಲ್ಲಿಗೆ ಕಟ್ಟಿ ಅವಳ ರವಿಕೆಯೊಳಗೆ ಸುತ್ತುತ್ತಿದ್ದಳು. ಹೂವನ್ನು ಯಾರಾದರೂ ಎದೆಗೆ ಮುಡಿಯುತ್ತಾರೆಯೇ ಎಂದು ಕೇಳಿದ್ದಕ್ಕೆ, "ಹಾಲು ಇಂಗ್ಲಿ ಅಂತ. ನಿಂಗ್ಯಾಕೆ ಅದೆಲ್ಲ, ಸುಮ್ನಿರು," ಅಂದಿದ್ದಳು.

ಒಂದು ಮಧ್ಯಾಹ್ನ, ವರ್ಷದಿಂದ ಅಟ್ಟದ ಮೇಲೆ ಒಣಗುತ್ತಿದ್ದ ಕಾಯಿ ನೋಡಲು ಮೂವರೂ ಏಣಿ ಹತ್ತಿದೆವು. ಅಜ್ಜಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಪಕ್ಕಕ್ಕಿಡುತ್ತಿದ್ದಳು. ಮೂಲೆಯ ತೊಲೆಯಲ್ಲಿ ಬಾವಲಿಯೊಂದು ನೇತಾಡುತ್ತಿತ್ತು. ಕೆರೆ ಏರಿಯ ಆಲದಮರದ ದೊಡ್ಡ ಬಾವಲಿಗಳಂತಲ್ಲ, ಒಂದು ಹುಣಸೆಹಣ್ಣಿನಷ್ಟೇ ಇತ್ತು.

"ದರಿದ್ರದ ಹಕ್ಕಿ," ಎಂದು ಅಜ್ಜಿ ಪೊರಕೆ ಎತ್ತಿದಳು.

ಬಾವಲಿ ರೆಕ್ಕೆ ಬಿಚ್ಚಿತು. ಕೊಡೆಯ ಬಟ್ಟೆಯಂಥ ಆ ತೊಗಲಿನೊಳಗೆ, ಕೂದಲಿಲ್ಲದ ಕೆಂಪು ಮರಿಯೊಂದು ತಾಯಿಯ ಎದೆ ಕಚ್ಚಿಕೊಂಡಿತ್ತು.

"ಹಕ್ಕಿ ಹಾಲು ಕುಡಿಸ್ತದೇನಜ್ಜಿ?" ಅಂದೆ. ಹಕ್ಕಿ ಮೊಟ್ಟೆ ಇಡ್ತದೆ ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು.

"ಬುಡವ್ವ, ಅದು ಕುಡೀಲಿ," ಅಂದಳು ಅತ್ತೆ. ಮನೆಗೆ ಬಂದ ಮೇಲೆ ನಾನು ಕೇಳಿದ ಅವಳ ಮೊದಲ ಮಾತು ಅದು. ಅವಳ ರವಿಕೆ ಒದ್ದೆಯಾಗಿತ್ತು. ಅಜ್ಜಿ ಪೊರಕೆ ಕೆಳಗಿಟ್ಟು, ಅಳುತ್ತಿದ್ದ ಅವಳನ್ನು ತಬ್ಬಿಕೊಂಡಳು.

ಅಷ್ಟು ಸಣ್ಣ ಬಾವಲಿಗೆ ಅತ್ತೆ ಯಾಕೆ ಹೆದರಿದಳೋ ನನಗೆ ತಿಳಿಯಲಿಲ್ಲ. ಅವಳ ಸೆರಗು ಹಿಡಿದು, "ಅಳಬ್ಯಾಡ ಕಣತ್ತೆ, ಅದು ಕಚ್ಚಲ್ಲ," ಅಂದೆ.